ಹಳದಿ ಬೋರ್ಡೂ ಕಂದಿದ ರಿಜಿಸ್ಟರೂ

ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ಅದು ಹತ್ತಿರ ಬಂತೆಂದರೆ ನಮ್ಮ ಕಾರ್ಖಾನೆಗಳ, ಸಬ್‌ಸ್ಟೇಷನ್‌ಗಳ ಬ್ಯಾಟರಿ ರೂಮಿನ ಬಾಗಿಲಿಗೆ ಹೊಸ ಬೋರ್ಡು ಏರುತ್ತದೆ. ಹಳದಿ ಹಿನ್ನೆಲೆ, ಕಪ್ಪು ಅಕ್ಷರ, ಮೂಲೆಯಲ್ಲಿ ಅಂಗೈ ಮೇಲೆ ಹನಿ ಬೀಳುತ್ತಿರುವ ಚಿತ್ರ. ಕೈಗವಸು ಹಾಕಿಕೊಳ್ಳಿ, ಕನ್ನಡಕ ಧರಿಸಿ, ಬೀಡಿ ಸಿಗರೇಟು ಸೇದಬೇಡಿ, ಬ್ಯಾಟರಿಗಳನ್ನು ಗಾಳಿಯಾಡುವ ಜಾಗದಲ್ಲಿಡಿ, ಆಸಿಡ್ ತಾಗಿದರೆ ಕೂಡಲೇ ನೀರಿನಿಂದ ತೊಳೆಯಿರಿ. ಈ ಬರಹಕ್ಕೆ ಸಿಕ್ಕಿರುವ ಗೌರವ ಸಣ್ಣದಲ್ಲ. ತಪಾಸಣೆಗೆ ಬಂದವರು ಮೊದಲು ನೋಡುವುದು ಅದನ್ನೇ, ಅವಘಡವಾದ ಮೇಲೆ ಆಡಳಿತದವರು ಮೊದಲು ತೋರಿಸುವುದೂ ಅದನ್ನೇ. ಆಯುಧಪೂಜೆಯ ದಿನ ಅದಕ್ಕೂ ಅರಿಶಿನ ಕುಂಕುಮ ಬೀಳುತ್ತದೆ. ಬೆಂಕಿ ತರಬಾರದು ಎಂಬ ಸಾಲಿನ ಕೆಳಗೇ ಕರ್ಪೂರ ಹಚ್ಚುತ್ತಾರೆ. ಚಾರ್ಜರ್ ನಿಲ್ಲಿಸಿದ್ದೀರಾ ಎಂದು ಆಗ ಕೇಳಿದವನು ಅಪಶಕುನ ನುಡಿದವನಾಗುತ್ತಾನೆ.

ಇಷ್ಟು ಮರ್ಯಾದೆಗೆ ಈ ಬೋರ್ಡು ತಕ್ಕದ್ದಲ್ಲ ಎನ್ನುವುದು ನನ್ನ ವಾದ. ಅದೇ ರೂಮಿನ ಮೂಲೆಯಲ್ಲಿ, ಸ್ಟೂಲಿನ ಮೇಲೆ, ಆಸಿಡ್ ತಾಗಿ ಅಂಚು ಕಂದಿದ ಇನ್ನೊಂದು ಬರಹ ಬಿದ್ದಿರುತ್ತದೆ. ಸೆಲ್‌ಗಳ ರೀಡಿಂಗ್ ಬರೆಯುವ ರಿಜಿಸ್ಟರ್ ಅದು. ಸೀಸ-ಆಮ್ಲ ಬ್ಯಾಟರಿಯನ್ನು ಹೇಗೆ ಜೋಪಾನ ಮಾಡಬೇಕೆಂಬ ವಿಷಯದಲ್ಲಿ ನಮ್ಮಲ್ಲಿ ಓದಲು ಯೋಗ್ಯವಾದ ಬರವಣಿಗೆ ಇದ್ದರೆ ಅದು ಆ ರಿಜಿಸ್ಟರಿನಲ್ಲಿದೆ. ಅದನ್ನು ಯಾರೂ ಓದುವುದಿಲ್ಲ.

1859ರಲ್ಲಿ ಪ್ಲಾಂಟೆ ಕಟ್ಟಿದ ಸೆಲ್‌ನಿಂದ ಇಂದಿನ ಟ್ಯೂಬುಲರ್ ತನಕದ ಕಥೆ ಓದುಗರಿಗೆ ಗೊತ್ತಿರುವಂಥದ್ದೇ. ಒಂದನ್ನು ಮಾತ್ರ ನೆನಪಿಸುತ್ತೇನೆ. ಸಬ್‌ಸ್ಟೇಷನ್ನಿನ 110 ವೋಲ್ಟಿನ ಬ್ಯಾಂಕು, ಅಂದರೆ ಸಾಲಾಗಿ ನಿಂತ 2 ವೋಲ್ಟಿನ 55 ಸೆಲ್‌ಗಳು, ಅಲ್ಲಿ ದೀಪ ಉರಿಸುವುದಕ್ಕಲ್ಲ ಇರುವುದು. ಲೈನಿನಲ್ಲಿ ದೋಷ ಬಂದಾಗ ಬ್ರೇಕರ್ ಬಿಡಿಸಿಕೊಳ್ಳಲು ಬೇಕಾದ ಕರೆಂಟು ಬರುವುದು ಅವುಗಳಿಂದ. ಆ ಗಳಿಗೆಯಲ್ಲಿ ಬ್ಯಾಟರಿ ಕೈಕೊಟ್ಟರೆ ಬ್ರೇಕರ್ ಕದಲುವುದಿಲ್ಲ, ಸುಡುವುದು ಟ್ರಾನ್ಸ್‌ಫಾರ್ಮರ್. ಹೀಗಾಗಿ ಇಲ್ಲಿ ಸುರಕ್ಷತೆ ಎಂದರೆ ಬ್ಯಾಟರಿಯಿಂದ ಮನುಷ್ಯನನ್ನು ಕಾಯುವುದು ಅರ್ಧ ಮಾತ್ರ. ಬ್ಯಾಟರಿ ಬದುಕಿದೆಯೇ ಎಂದು ತಿಳಿದಿರುವುದು ಇನ್ನರ್ಧ. ಬೋರ್ಡಿಗೆ ಈ ಎರಡನೆಯ ಅರ್ಧದ ಗಂಧವೇ ಇಲ್ಲ.

ಮೊದಲನೆಯ ಅರ್ಧವನ್ನಾದರೂ ಅದು ಸರಿಯಾಗಿ ಹೇಳುತ್ತದೆಯೇ? ಎಲ್ಲರೂ ತಲೆದೂಗುವ ಸಾಲನ್ನೇ ತೆಗೆದುಕೊಳ್ಳೋಣ: ‘ಬ್ಯಾಟರಿಗಳನ್ನು ಗಾಳಿಯಾಡುವ ಜಾಗದಲ್ಲಿಡಿ.’ ತಪ್ಪು ಹುಡುಕಲಾಗದ ವಾಕ್ಯ, ಏಕೆಂದರೆ ಅದರಲ್ಲಿ ಏನೂ ಇಲ್ಲ. ಗಾಳಿ ಎಷ್ಟು? ಯಾವ ಹೊತ್ತಿನಲ್ಲಿ? ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು?

ಸೆಲ್ ಒಂದರ ವೋಲ್ಟೇಜು 2.4ರ ಹತ್ತಿರ ಬಂದಾಗ ನೀರು ಒಡೆದು ಜಲಜನಕ ರಭಸವಾಗಿ ಏಳುತ್ತದೆ. ಹೆಚ್ಚುವರಿಯಾಗಿ ಹರಿದ ಪ್ರತಿ ಆಂಪಿಯರ್-ಅವರ್‌ಗೆ ಒಂದೊಂದು ಸೆಲ್‌ನಿಂದಲೂ ಸುಮಾರು 0.42 ಲೀಟರ್. ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಆಯಿತೆಂದರೆ ಒಂದು ಕಿಡಿ ಸಾಕು. ಐಇಸಿ 62485-2 ಎಂಬ ಅಂತರರಾಷ್ಟ್ರೀಯ ಮಾನಕ ಇದಕ್ಕೆ ಸರಳ ಲೆಕ್ಕ ಕೊಟ್ಟಿದೆ. ನೀರು ಹಾಕುವ ಜಾತಿಯ ಸೆಲ್‌ಗೆ ಬೂಸ್ಟ್ ಚಾರ್ಜಿನಲ್ಲಿ ಆಂಪಿಯರ್-ಅವರ್ ಒಂದಕ್ಕೆ 20 ಮಿಲಿ ಆಂಪಿಯರ್ ಗ್ಯಾಸಿಗೆ ಹೋಗುತ್ತದೆಂದು ಹಿಡಿದು, ಅದನ್ನು ಸೆಲ್‌ಗಳ ಸಂಖ್ಯೆಯಿಂದಲೂ ಸಾಮರ್ಥ್ಯದಿಂದಲೂ ಗುಣಿಸಿ, 0.05ರಿಂದ ಗುಣಿಸಿ, ಸಾವಿರದಿಂದ ಭಾಗಿಸಬೇಕು. 300 ಆಂಪಿಯರ್-ಅವರ್‌ನ 55 ಸೆಲ್‌ಗಳಿಗೆ ಗಂಟೆಗೆ 16.5 ಘನ ಮೀಟರ್ ಗಾಳಿ ಬೇಕೆಂದಾಯಿತು. ಫ್ಯಾನಿಲ್ಲದೆ ಇಷ್ಟು ಗಾಳಿ ಆಡಬೇಕಾದರೆ ಈ ಅಂಕಿಯ 28 ಪಟ್ಟು ಚದರ ಸೆಂಟಿಮೀಟರಿನ ಎರಡು ಕಿಂಡಿ ಬೇಕು: 462 ಚದರ ಸೆಂಟಿಮೀಟರ್. ಒಂದು ಗೇಣು ಉದ್ದ, ಒಂದು ಗೇಣು ಅಗಲ. ಒಂದು ಕಿಂಡಿ ನೆಲದ ಹತ್ತಿರ, ಇನ್ನೊಂದು ಎದುರು ಗೋಡೆಯಲ್ಲಿ ಸೂರಿನ ಹತ್ತಿರ.

ಒಂದು ಗೇಣಿನ ಎರಡು ಕಿಂಡಿ! ಯಾವ ಗಾರೆ ಮೇಸ್ತ್ರಿಗೂ ಅರ್ಥವಾಗುವ, ಯಾವ ಬೋರ್ಡಿನಲ್ಲೂ ಹಿಡಿಸುವ ವಾಕ್ಯ. ಅದರ ಬದಲು ನಾವು ಬರೆದುಕೊಂಡಿರುವುದು ‘ಗಾಳಿಯಾಡುವ ಜಾಗ’. ಈಗ ರೂಮುಗಳನ್ನು ನೋಡಿ. ಕಿಟಕಿ ಇದೆ, ಧೂಳು ಬರುತ್ತದೆಂದು ಮುಚ್ಚಿದೆ. ಎಕ್ಸಾಸ್ಟ್ ಫ್ಯಾನ್ ಬಾಗಿಲ ಎತ್ತರಕ್ಕಿದೆ, ಅದರ ಮೇಲಿನ ಎರಡು ಮೂರು ಅಡಿಯಲ್ಲಿ, ತೊಲೆಗಳ ನಡುವಿನ ಪೊಟರೆಗಳಲ್ಲಿ, ಎಲ್ಲಕ್ಕಿಂತ ಹಗುರವಾದ ಅನಿಲ ನಿಶ್ಚಿಂತೆಯಿಂದ ಕೂಡಿಕೊಳ್ಳುತ್ತದೆ. ಫ್ಯಾನಿನ ಸ್ವಿಚ್ಚು ಒಳಗೇ ಇದೆ. ಮೊದಲು ಒಳಗೆ ಹೋಗಿ, ಆಮೇಲೆ ಕಿಡಿ ಹಾರಬಲ್ಲ ಸ್ವಿಚ್ಚನ್ನು ಒತ್ತಿ, ಆಮೇಲೆ ಗಾಳಿ ಬದಲಾಗಲಿ ಎಂದು ಕಾಯುವ ವ್ಯವಸ್ಥೆ ಇದು. 12 ಚದರ ಮೀಟರಿನ, 3 ಮೀಟರ್ ಎತ್ತರದ ರೂಮನ್ನು ಪೂರ್ತಿ ಮುಚ್ಚಿ ಮೇಲಿನ ಬ್ಯಾಂಕನ್ನೇ ಬೂಸ್ಟಿಗೆ ಹಾಕಿದರೆ ಮಾನಕದ ಅಂಕಿಯ ಪ್ರಕಾರ ಗಂಟೆಗೆ ಸುಮಾರು 139 ಲೀಟರ್ ಜಲಜನಕ. ಸಮನಾಗಿ ಬೆರೆತರೂ ಹತ್ತು ಗಂಟೆಯ ಸುಮಾರಿಗೆ 4 ಭಾಗ. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವ ಚಾರ್ಜಿಗೆ ಸರಿಹೋಗುವ ಸಮಯ. ಸಮನಾಗಿ ಬೆರೆಯದಿದ್ದರೆ ಇನ್ನೂ ಬೇಗ. ಇನ್ನು ವೆಂಟ್ ಪ್ಲಗ್ಗಿನ ಸುತ್ತ ಸುಮಾರು ಅರ್ಧ ಮೀಟರಿನೊಳಗೆ, ರೂಮಿಗೆ ಎಷ್ಟೇ ಗಾಳಿ ಬರಲಿ, ಕಿಡಿ ಸಲ್ಲದು ಎಂದು ಅದೇ ಮಾನಕದ ಲೆಕ್ಕ ಹೇಳುತ್ತದೆ. ಅಲ್ಲಿ ಕಿಡಿ ಹುಟ್ಟುವುದು ಬೀಡಿಯಿಂದ ಅಪರೂಪ. ಚಾರ್ಜರ್ ಆಫ್ ಮಾಡದೆ ಕ್ಲಿಪ್ ಕಿತ್ತಾಗ, ಕೈಜಾರಿದ ಸ್ಪ್ಯಾನರ್ ಎರಡು ಟರ್ಮಿನಲ್‌ಗಳ ಮೇಲೆ ಅಡ್ಡ ಬಿದ್ದಾಗ ಹುಟ್ಟುತ್ತದೆ. ಬ್ಯಾಟರಿಗೆ ಆಫ್ ಸ್ವಿಚ್ ಇಲ್ಲ. ಅಡ್ಡ ಬಿದ್ದ ಕಬ್ಬಿಣ ಕೆಂಪಾಗಿ ಕರಗುವ ತನಕ ಕರೆಂಟು ಹರಿಯುತ್ತಲೇ ಇರುತ್ತದೆ. ಹಳೆಯ ಅಟೆಂಡರುಗಳು ಸ್ಪ್ಯಾನರಿನ ಹಿಡಿಗೆ ತುದಿಯ ತನಕ ಟೇಪು ಸುತ್ತಿ, ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಅದನ್ನು ಅವರಿಗೆ ಬೋರ್ಡು ಕಲಿಸಿದ್ದಲ್ಲ.

‘ಇದೆಲ್ಲ ಹಳೇ ಕಾಲದ ಮಾತು ಸ್ವಾಮಿ, ಈಗ ಎಲ್ಲಾ ಸೀಲ್ಡ್’ ಎನ್ನುವ ವಿದ್ವಾಂಸರೊಂದಿಗೆ ನನಗೆ ಹಳೆಯ ತಕರಾರಿದೆ. ಮೇಂಟೆನೆನ್ಸ್ ಫ್ರೀ ಬ್ಯಾಟರಿಗೆ ಸಿಕ್ಕಿರುವಷ್ಟು ಉಬ್ಬಿದ ಕೀರ್ತಿ ಈ ಕ್ಷೇತ್ರದಲ್ಲಿ ಬೇರೆ ಯಾವುದಕ್ಕೂ ಇಲ್ಲ. ಮೊದಲನೆಯದಾಗಿ ಅದು ಮುಚ್ಚಿದ್ದಲ್ಲ, ವಾಲ್ವ್ ಇಟ್ಟದ್ದು. ಒಳಗೆ ಹುಟ್ಟಿದ ಅನಿಲದ ಬಹುಪಾಲು ಮತ್ತೆ ನೀರಾಗುತ್ತದೆ, ಒತ್ತಡ ಹೆಚ್ಚಾದರೆ ಉಳಿದದ್ದು ವಾಲ್ವಿನಿಂದ ಹೊರಗೆ. ಮೇಲಿನ ಲೆಕ್ಕದಲ್ಲೇ ಅದಕ್ಕೆ ಬೂಸ್ಟಿನಲ್ಲಿ 20ರ ಬದಲು 8 ಎಂದೂ, ಫ್ಲೋಟಿನಲ್ಲಿ 1 ಎಂದೂ ಹಾಕಿದ್ದಾರೆ. ಕಿಂಡಿ ಕಿರಿದಾಯಿತೇ ಹೊರತು ಇಲ್ಲವಾಗಲಿಲ್ಲ. ನಮ್ಮವರು ಮಾಡಿದ್ದೇನು? ಸೀಲ್ಡ್ ಬಂತೆಂದು ಇದ್ದ ಕಿಂಡಿಗೂ ಸಿಮೆಂಟು ಮೆತ್ತಿ ಸ್ಪ್ಲಿಟ್ ಎಸಿ ಕೂರಿಸಿದರು. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಒಳಗೇ ಬಿಡುತ್ತದೆ, ಹೊರಗಿನದನ್ನು ತರುವುದಿಲ್ಲ. ಕರೆಂಟು ಹೋದಾಗ ಎಸಿಯೂ ನಿಲ್ಲುತ್ತದೆ. ಬ್ಯಾಟರಿಯ ದುಡಿಮೆ ಶುರುವಾಗುವುದೇ ಆಗ.

ಎರಡನೆಯದು ಬಿಸಿಲು. ಕ್ಯಾಟಲಾಗಿನಲ್ಲಿ ಹತ್ತು ವರ್ಷ ಎಂದು ಬರೆದ ಆಯಸ್ಸು 25 ಡಿಗ್ರಿಯ ಆಸುಪಾಸಿನದು. ಪ್ರತಿ 8–10 ಡಿಗ್ರಿ ಏರಿಕೆಗೆ ಅದು ಅರ್ಧಕ್ಕಿಳಿಯುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ತಗಡಿನ ಶೆಲ್ಟರಿನೊಳಗೆ ನಿಂತ ಬ್ಯಾಂಕಿಗೆ ಕ್ಯಾಟಲಾಗಿನ ಹತ್ತು ವರ್ಷ ಎಂದರೆ ಹಾಸ್ಯ. ಉಷ್ಣತೆಗೆ ತಕ್ಕಂತೆ ಫ್ಲೋಟ್ ವೋಲ್ಟೇಜನ್ನು ಸೆಲ್ ಒಂದಕ್ಕೆ ಡಿಗ್ರಿಗೆ ಸುಮಾರು 3 ಮಿಲಿವೋಲ್ಟಿನಂತೆ ಇಳಿಸದ ಚಾರ್ಜರ್ ಇದ್ದರಂತೂ ಬ್ಯಾಟರಿ ಬಿಸಿಯಾದಷ್ಟೂ ಕರೆಂಟು ಎಳೆದು, ಎಳೆದಷ್ಟೂ ಬಿಸಿಯಾಗಿ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಆಗ ಬರುವ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್. ‘ಎಲ್ಲೋ ಇಲಿ ಸತ್ತಿದೆ’ ಎಂದು ಮೂಲೆ ಹುಡುಕುವ ಕಾಲವಲ್ಲ ಅದು. ಚಾರ್ಜರ್ ನಿಲ್ಲಿಸಿ ಹೊರಗೆ ಬರುವ ಕಾಲ.

ಮೂರನೆಯದೇ ನನ್ನ ದೊಡ್ಡ ಆಕ್ಷೇಪ. ಸೀಲ್ಡ್ ಬ್ಯಾಟರಿಗೆ ಹೈಡ್ರೋಮೀಟರ್ ಇಳಿಸುವಂತಿಲ್ಲ. ಫ್ಲೋಟಿನಲ್ಲಿರುವಾಗ ಸತ್ತ ಸೆಲ್ ಕೂಡ ಬದುಕಿದವರ ಸಾಲಿನಲ್ಲಿ ಸಭ್ಯವಾಗಿ ನಿಂತು ಹೆಚ್ಚುಕಡಿಮೆ ಸರಿಯಾದ ವೋಲ್ಟೇಜನ್ನೇ ತೋರಿಸಬಹುದು. ಲೋಡ್ ಹಾಕಿ ಡಿಸ್‌ಚಾರ್ಜ್ ಟೆಸ್ಟ್ ಮಾಡಿದಾಗಲೇ ಬಣ್ಣ ಬಯಲು. ನಿರ್ವಹಣೆ ಬೇಡ ಎಂದರೆ ನೀರು ಹಾಕುವುದು ಬೇಡ ಎಂದಷ್ಟೇ ಅರ್ಥ. ಕೊಳ್ಳುವವರು ಅದನ್ನು ನೋಡುವುದೂ ಬೇಡ ಎಂದು ಓದಿಕೊಂಡು ಅಟೆಂಡರ್ ಹುದ್ದೆಯನ್ನೇ ತೆಗೆದರು. ಲಿಥಿಯಂ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಇನ್ನೊಂದು ಗುಂಪಿದೆ. ಅವರಿಗೆ ಉತ್ತರ ಹೇಳುವ ಆತುರ ನನಗಿಲ್ಲ. ಇವತ್ತು ರೂಮಿನಲ್ಲಿರುವುದು ಸೀಸ.

ಸೀಸ! ಬೋರ್ಡಿನಲ್ಲಿ ಈ ಎರಡಕ್ಷರವೇ ಇಲ್ಲ ಎನ್ನುವುದನ್ನು ಗಮನಿಸಿದ್ದೀರಾ? ಆಸಿಡ್ ಉರಿಯುತ್ತದೆ, ತಾಗಿದ್ದು ತಕ್ಷಣ ಗೊತ್ತಾಗುತ್ತದೆ. ಖಾಕಿ ಪ್ಯಾಂಟಿನ ಮೇಲೆ ಬಿದ್ದ ಹನಿಯಲ್ಲಿ ನೀರು ಆರಿ ಆಮ್ಲ ಗಟ್ಟಿಯಾಗಿ, ಎರಡನೇ ಒಗೆತಕ್ಕೆ ಅಲ್ಲಿ ತೂತು. ಸೀಸ ಹಾಗೆ ಹೇಳಿ ಬರುವುದಿಲ್ಲ. ಟರ್ಮಿನಲ್ ಮೇಲಿನ ಬಿಳಿ ಹುಡಿಯನ್ನು ತಂತಿ ಬ್ರಷ್ಷಿನಲ್ಲಿ ಕೆರೆದ ಕೈ, ಅದೇ ಕೈಯಲ್ಲಿ ಬಿಚ್ಚಿದ ಬುತ್ತಿ, ದಾರಿ ಇಷ್ಟೇ. 1948ರ ಕಾರ್ಖಾನೆಗಳ ಕಾಯ್ದೆಯ ಮೂರನೇ ಅನುಸೂಚಿ, ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕಾಗಿದ್ದ ರೋಗಗಳ ಪಟ್ಟಿ, ಸೀಸದ ವಿಷದಿಂದಲೇ ಶುರುವಾಗುತ್ತಿತ್ತು. ಈ ವಿಷದ ಬಗ್ಗೆ ದೇಶವನ್ನು ಎಚ್ಚರಿಸುವ ಕೆಲಸ ನಡೆದದ್ದು ಬೆಂಗಳೂರಿನಿಂದಲೇ: 1999ರಲ್ಲಿ ಇಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವಾಯಿತು, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ತುಪ್ಪಿಲ್ ವೆಂಕಟೇಶ್ ವರ್ಷಗಟ್ಟಲೆ ಅದನ್ನೇ ಹಿಡಿದು ಕೂತರು. ಅದೇ ಊರಿನ ಬ್ಯಾಟರಿ ರೂಮುಗಳ ಬೋರ್ಡಿನಲ್ಲಿ ‘ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಈ ಬಟ್ಟೆ ಮನೆಗೆ ಒಯ್ಯಬೇಡಿ’ ಎಂಬ ಒಂದು ಸಾಲಿಗೆ ಜಾಗ ಸಿಕ್ಕಿಲ್ಲ.

ಬೋರ್ಡಿನ ಪರವಾಗಿಯೂ ಎರಡು ಮಾತು ಹೇಳಬೇಕು. ಭಾಷೆ ಬಾರದ ಗುತ್ತಿಗೆ ಹುಡುಗನಿಗೆ ಆ ಚಿತ್ರವಾದರೂ ಏನೋ ಹೇಳುತ್ತದೆ. ಆಸಿಡ್ಡನ್ನು ನೀರಿಗೆ ಸುರಿಯಬೇಕು, ನೀರನ್ನು ಆಸಿಡ್ಡಿಗಲ್ಲ ಎನ್ನುವ ಸಾಲು ಎಲ್ಲಾದರೂ ಇದ್ದರೆ ಅದು ಚಿನ್ನದಂಥ ಸಾಲು. ಆದರೆ ಬೋರ್ಡಿನ ಎಲ್ಲ ಕ್ರಿಯಾಪದಗಳೂ ಯಾರ ಕಡೆ ತಿರುಗಿವೆ ನೋಡಿ: ಧರಿಸಿ, ತೊಳೆಯಿರಿ, ಸೇದಬೇಡಿ. ಕಿಂಡಿ ಕೊರೆಸಬೇಕಾದವನಿಗೆ, ಕಣ್ಣು ತೊಳೆಯುವ ನಲ್ಲಿ ಹಾಕಿಸಬೇಕಾದವನಿಗೆ ಒಂದೂ ಆಜ್ಞೆಯಿಲ್ಲ. ಕಣ್ಣಿಗೆ ಆಸಿಡ್ ಸಿಡಿದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು. ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ನಾನು ನೋಡಿದ ನಲ್ಲಿ ಅಂಗಳ ದಾಟಿ ಕ್ಯಾಂಟೀನಿನ ಪಕ್ಕದಲ್ಲಿತ್ತು. ರೂಮಿನೊಳಗಿದ್ದದ್ದು ಅರ್ಧ ಬಕೆಟ್ ನೀರು ಮತ್ತು ಒಂದು ಪೊಟ್ಟಣ ಸೋಡಾ. ಸೋಡಾ ನೆಲಕ್ಕೆ ಚೆಲ್ಲಿದ ಆಸಿಡ್ಡಿಗೆ, ಕಣ್ಣಿಗಲ್ಲ ಎಂದು ಅಲ್ಲಿ ಯಾರೂ ಬರೆದಿರಲಿಲ್ಲ. ಅವಘಡವಾದಾಗ ‘ಕಾರ್ಮಿಕರ ನಿರ್ಲಕ್ಷ್ಯ’ ಎಂದು ಷರಾ ಬರೆಯುವ ತರಬೇತುದಾರರು ಈ ವ್ಯಾಕರಣದಲ್ಲೇ ಪಳಗಿದವರು.

ದಾಸ್ತಾನಿನ ವಿಷಯ ಬೇಗ ಮುಗಿಯುತ್ತದೆ. ಬಳಸದೆ ಇಟ್ಟ ಬ್ಯಾಟರಿ ತಾನಾಗಿ ಇಳಿಯುತ್ತದೆ. ತಂಪು ಜಾಗದಲ್ಲಿ ಆರು ತಿಂಗಳಿಗೊಮ್ಮೆ, ಬಿಸಿ ಊರಿನಲ್ಲಿ ಇನ್ನೂ ಬೇಗ ಚಾರ್ಜ್ ಕೊಡದಿದ್ದರೆ ಫಲಕದ ಮೇಲೆ ಸಲ್ಫೇಟು ಗಟ್ಟಿಯಾಗಿ ಹೊಸದೇ ಹಳತಾಗುತ್ತದೆ. ಸಿಮೆಂಟು ನೆಲದ ಮೇಲಿಟ್ಟರೆ ಚಾರ್ಜ್ ಹೀರಿಕೊಳ್ಳುತ್ತದೆ ಎಂಬುದು ಮರದ, ರಬ್ಬರಿನ ಡಬ್ಬಗಳ ಕಾಲದ ನಂಬಿಕೆ. ಇಂದಿನ ಪ್ಲಾಸ್ಟಿಕ್ಕಿಗೆ ಸಲ್ಲದು. ಗುಜರಿಗೆ ಹೋಗಬೇಕಾದದ್ದನ್ನು ಆಸಿಡ್ ಸಮೇತ ನೆಟ್ಟಗೆ ನಿಲ್ಲಿಸಿಡಬೇಕು. ಚರಂಡಿಗೆ ಸುರಿದು ಹಗುರ ಮಾಡುವ ಚಾಳಿಗೆ ಹಳೆಯ ಬ್ಯಾಟರಿಗಳ ವಿಲೇವಾರಿ ಕುರಿತ 2001ರ ನಿಯಮವೂ 2022ರ ನಿಯಮವೂ ಇನ್ನೂ ಪೂರ್ತಿ ಅಡ್ಡ ಬಂದಿಲ್ಲ.

ಈಗ ರಿಜಿಸ್ಟರ್. ಐದು ಕಾಲಂ: ದಿನಾಂಕ, ಸೆಲ್ ಸಂಖ್ಯೆ, ಸ್ಪೆಸಿಫಿಕ್ ಗ್ರಾವಿಟಿ, ವೋಲ್ಟೇಜ್, ಉಷ್ಣತೆ. ದಿನಾ ಪೈಲಟ್ ಸೆಲ್‌ದು, ತಿಂಗಳಿಗೊಮ್ಮೆ ಐವತ್ತೈದರದ್ದೂ. ಹೈಡ್ರೋಮೀಟರಿನ ರಬ್ಬರ್ ಬುರುಡೆ ಒತ್ತಿ, ಆಮ್ಲ ಎಳೆದು, ತೇಲುಗಡ್ಡಿ ಗಾಜಿಗೆ ಅಂಟದಂತೆ ನೆಟ್ಟಗೆ ಹಿಡಿದು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಬೇಕು. ನೀರು ಹಾಕಿದ ಕೂಡಲೇ ಓದಿದರೆ ಸುಳ್ಳು ಬರುತ್ತದೆ, ಏಕೆಂದರೆ ನೀರು ಮೇಲೇ ನಿಂತಿರುತ್ತದೆ. ನೀರು ಹಾಕುವುದೂ ಚಾರ್ಜ್ ಮುಗಿದ ಮೇಲೆ. ಮುಂಚೆ ತುಂಬಿದರೆ ಉಕ್ಕಿ ಹರಿಯುತ್ತದೆ. ಈ ಶಿಸ್ತಿನಲ್ಲಿ ಬರೆದ ಪುಟದಲ್ಲಿ 31ನೇ ಸೆಲ್ 1.200ರಿಂದ 1.190ಕ್ಕೆ, ಎರಡು ತಿಂಗಳ ಮೇಲೆ 1.175ಕ್ಕೆ ಇಳಿಯುವುದನ್ನು ನೋಡಬಹುದು. ಬ್ರೇಕರ್ ಕೈಕೊಡುವ ದಿನಕ್ಕಿಂತ ತಿಂಗಳುಗಳ ಮುಂಚೆಯೇ ಅಲ್ಲಿ ಸುದ್ದಿ ಇರುತ್ತದೆ.

‘ಅದನ್ನೆಲ್ಲ ಕೂತಲ್ಲೇ ಬರೆದಿರುತ್ತಾರೆ’ ಎಂಬ ಆಕ್ಷೇಪ ನಿಜ. ಆದರೆ ಓದಬಲ್ಲವನಿಗೆ ಆ ಸುಳ್ಳೂ ಸಿಕ್ಕಿಬೀಳುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ರೀಡಿಂಗ್ 0.0007 ಇಳಿಯುತ್ತದೆ, ಜನವರಿಯ ಬೆಳಗಿನ 22 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 37 ಡಿಗ್ರಿಗೂ ಬರೀ ಹವೆಯಿಂದಲೇ 0.010 ವ್ಯತ್ಯಾಸ ಬರಬೇಕು. ಎರಡೂ ತಿಂಗಳು ಐವತ್ತೈದು ಸೆಲ್‌ಗೂ 1.200 ಎಂದಿದ್ದರೆ ಯಾರೂ ಹೈಡ್ರೋಮೀಟರ್ ಮುಟ್ಟಿಲ್ಲ. ‘27 ಡಿಗ್ರಿಗೆ ತಿದ್ದಿ ಬರೆದಿದ್ದೇವೆ ಸಾರ್’ ಎಂದರೆ ಉಷ್ಣತೆಯ ಕಾಲಂ ತೋರಿಸಿ ಎನ್ನಬೇಕು, ಅದು ಖಾಲಿಯಿರುತ್ತದೆ. ಪುಟಗಳನ್ನು ಹಿಂದಕ್ಕೆ ತಿರುವಿದರೆ ರೀಡಿಂಗು ಕದಲುವುದು ಯಾವ ತಿಂಗಳು ನಿಂತಿತು ಎಂಬುದು ಸಿಗುತ್ತದೆ, ಪ್ರತಿ ಪುಟದ ಕೆಳಗೆ ಪರಿಶೀಲಿಸಿದವರ ಸಹಿಯೂ ಇರುತ್ತದೆ. ವಿಚಾರಣೆ ಶುರು ಮಾಡಲು ಅಷ್ಟು ಸಾಕು.