ಕೊಟ್ಟ ಭಾಷೆ, ಆಡುವ ಭಾಷೆ: ಚುನಾವಣಾ ಪ್ರಣಾಳಿಕೆಯ ಒಂದು ವಿಮರ್ಶೆ

ಕನ್ನಡದಲ್ಲಿ ‘ಭಾಷೆ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ನಾವು ಆಡುವ ನುಡಿ ಒಂದು, ನಾವು ಕೊಡುವ ಮಾತು ಇನ್ನೊಂದು. ‘ಭಾಷೆ ಕೊಟ್ಟ’, ‘ಭಾಷೆಗೆ ತಪ್ಪಿದ’ ಎನ್ನುವಾಗ ನಾವು ಎರಡನೆಯ ಅರ್ಥದಲ್ಲಿ ಆ ಪದವನ್ನು ಬಳಸುತ್ತೇವೆ. ನುಡಿಗೂ ವಾಗ್ದಾನಕ್ಕೂ ಒಂದೇ ಹೆಸರಿಟ್ಟ ಜನ, ಕೊಟ್ಟ ಮಾತು ಮುರಿದರೆ ಆಡುವ ನುಡಿಯೂ ಮುಕ್ಕಾಗುತ್ತದೆಂದು ಬಗೆದಿದ್ದರೆಂದು ತೋರುತ್ತದೆ. ಚುನಾವಣೆಯ ಭರವಸೆಗಳು ಈಡೇರಲಿಲ್ಲವೆಂಬ ಕೊರಗು ನಮ್ಮ ತಾಳವಾಡಿ ಸೀಮೆಯ ಜಗಲಿಗಳಲ್ಲಿ ನಿತ್ಯ ಕೇಳಿಬರುತ್ತದೆ. ಅದನ್ನು ರಾಜಕೀಯದವರ ಪಾಲಿಗೆ ಬಿಟ್ಟು, ಸಾಹಿತ್ಯ ಸಮ್ಮೇಳನದಲ್ಲಿ ಕಾವ್ಯದ ಮಾತು ಮಾತ್ರ ಆಡಬೇಕೆಂಬುದು ಒಂದು ಅಭಿಪ್ರಾಯ. ನಮಗೆ ಅದು ಒಪ್ಪಿಗೆಯಾಗಿಲ್ಲ. ಪ್ರಣಾಳಿಕೆಯೂ ಒಂದು ಬರಹವೇ. ಕೋಟ್ಯಂತರ ಜನರನ್ನು ಉದ್ದೇಶಿಸಿ, ಅವರ ಮನಸ್ಸನ್ನು ಒಲಿಸಲೆಂದೇ ರಚಿತವಾದ ಬರಹ ಅದು. ಕಾವ್ಯಕ್ಕೆ ಹಿಡಿಯುವ ಒರೆಗಲ್ಲನ್ನು ಅದಕ್ಕೂ ಹಿಡಿದು ನೋಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಪರಂಪರೆ ವಾಗ್ದಾನವನ್ನು ಹೇಗೆ ಚಿತ್ರಿಸಿದೆಯೆಂಬುದನ್ನು ನೋಡೋಣ. ‘ಗೋವಿನ ಹಾಡು’ ಶಾಲೆಯಲ್ಲಿ ಕಲಿತವರಿಗೆಲ್ಲ ಪರಿಚಿತ. ಪುಣ್ಯಕೋಟಿಯು ಹುಲಿಗೆ ಕೊಟ್ಟ ಮಾತಿನಲ್ಲಿ ಅಸ್ಪಷ್ಟವಾದುದು ಯಾವುದೂ ಇಲ್ಲ. ಮಾತು ಕೊಟ್ಟವಳು ಯಾರು, ಹೋಗುವುದು ಎಲ್ಲಿಗೆ, ಯಾವ ಕೆಲಸಕ್ಕೆ, ಮರಳುವುದು ಯಾವಾಗ ಎಂಬುದೆಲ್ಲ ನಿಚ್ಚಳವಾಗಿದೆ. ಕರುವಿಗೆ ಹಾಲುಣಿಸಿದ ಮೇಲೆ ಹಿಂದಿರುಗುವುದು, ಅಷ್ಟೇ. ಹುಲಿ ಸಂರಕ್ಷಿತಾರಣ್ಯದ ಅಂಚಿನಲ್ಲಿ ಬದುಕುವ ನಮಗೆ ಹುಲಿಯೆಂದರೆ ಕೇವಲ ಸಂಕೇತವಲ್ಲ. ಆದುದರಿಂದ ಆ ಮಾತನ್ನು ಉಳಿಸಿಕೊಳ್ಳುವುದರ ಬೆಲೆ ಎಷ್ಟೆಂಬುದು ನಮ್ಮ ಮಕ್ಕಳಿಗೆ ಬೇಗ ತಿಳಿಯುತ್ತದೆ.

ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಇದೇ ವಿಷಯ ಇನ್ನೂ ವಿಸ್ತಾರವಾಗಿ ಬಂದಿದೆ. ಅರಸನು ವಿಶ್ವಾಮಿತ್ರನ ಯಾಗಕ್ಕೆ ಕೊಡುವೆನೆಂದ ಹೊನ್ನಿಗೆ ಅಳತೆಯಿದೆ: ಆನೆಯ ಮೇಲೆ ನಿಂತವನು ಮೇಲಕ್ಕೆಸೆದುದು ಎಷ್ಟು ಎತ್ತರ ಏರುವುದೋ ಅಷ್ಟು ರಾಶಿ. ಸಾಲ ತೀರಿಸಲು ಗಡುವಿದೆ. ಗಡುವು ಮುಗಿಯುವ ತನಕ ಬೆನ್ನುಬಿಡದೆ ಕೇಳಲು ನಕ್ಷತ್ರಿಕನಿದ್ದಾನೆ. ರಾಜ್ಯ ಹೋದ ಮೇಲೂ ಋಣ ಹೋಗಲಿಲ್ಲ. ಕಾಶಿಯ ಬೀದಿಯಲ್ಲಿ ಹೆಂಡತಿಯನ್ನೂ ಮಗನನ್ನೂ ಕೊನೆಗೆ ತನ್ನನ್ನೂ ಮಾರಿಕೊಂಡು ಅರಸನು ಅದನ್ನು ತೀರಿಸಿದನು. ನಮ್ಮ ಗಾಜನೂರಿನ ಮಗ ಡಾ. ರಾಜ್‌ಕುಮಾರ್ ಅವರು 1965ರಲ್ಲಿ, ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದ ‘ಸತ್ಯ ಹರಿಶ್ಚಂದ್ರ’ದಲ್ಲಿ ಈ ಅರಸನ ಪಾತ್ರ ವಹಿಸಿದರು. ಕಾವ್ಯ ಓದದವರಿಗೂ ಆ ಕಥೆ ಅದರಿಂದ ಕಣ್ಣಿಗೆ ಕಟ್ಟಿತು. ಈ ಎರಡು ಕೃತಿಗಳಿಂದ ವಾಗ್ದಾನಕ್ಕೆ ಮೂರು ಲಕ್ಷಣಗಳನ್ನು ಗುರುತಿಸಬಹುದು. ಮಾಡುವವನು ಯಾರು ಎಂಬ ಕರ್ತೃ, ಎಷ್ಟು ಎಂಬ ಅಳತೆ, ಯಾವಾಗ ಎಂಬ ಗಡುವು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಹಾರೈಕೆಯಾದೀತೇ ಹೊರತು ಭಾಷೆಯಾಗದು.

ಈ ಒರೆಗಲ್ಲಿನ ಮೇಲೆ ಪ್ರಣಾಳಿಕೆಯ ವಾಕ್ಯಗಳನ್ನು ಉಜ್ಜಿ ನೋಡೋಣ. ಯಾವ ಪಕ್ಷದ ಪುಸ್ತಿಕೆಯನ್ನು ತೆರೆದರೂ ‘ಕ್ರಮ ಕೈಗೊಳ್ಳಲಾಗುವುದು’, ‘ಆದ್ಯತೆ ನೀಡಲಾಗುವುದು’, ‘ಪರಿಶೀಲಿಸಲಾಗುವುದು’ ಎಂಬ ಕ್ರಿಯಾಪದಗಳು ಸಾಲುಗಟ್ಟಿ ನಿಂತಿರುತ್ತವೆ. ತಮಿಳಿನಲ್ಲಿಯೂ ಇದೇ ರೀತಿ: ‘ನಡವಡಿಕ್ಕೈ ಎಡುಕ್ಕಪ್ಪಡುಂ’. ವ್ಯಾಕರಣದಲ್ಲಿ ಇದು ಕರ್ಮಣಿ ಪ್ರಯೋಗ. ಎರಡು ಭಾಷೆಗಳಲ್ಲಿಯೂ ಈ ಪ್ರಯೋಗಕ್ಕೆ ಒಂದು ಅನುಕೂಲವಿದೆ, ಕರ್ತೃಪದವನ್ನು ಹೇಳದೆ ವಾಕ್ಯ ಮುಗಿಸಬಹುದು. ಯಾರು ಮಾಡುವರು? ವಾಕ್ಯದಲ್ಲಿ ಉತ್ತರವಿಲ್ಲ. ಐದು ವರ್ಷಗಳ ಅನಂತರ ನಾವು ಕೆರಳಿ ಕೇಳಿದಾಗಲೂ ಉತ್ತರವಿರುವುದಿಲ್ಲ. ಮುರಿದುಬಿದ್ದ ಭರವಸೆಗಳಲ್ಲಿ ಬಹುಪಾಲು, ಬರೆದ ದಿನವೇ ವಾಕ್ಯದೊಳಗೆ ಮುರಿದಿದ್ದವು. ನಾವು ಓದುವಾಗ ಗಮನಿಸಲಿಲ್ಲ, ಅಷ್ಟೆ.

ಅಳತೆಯುಳ್ಳ ಭರವಸೆಗಳ ಗತಿ ಬೇರೆ. 1967ರ ಚುನಾವಣೆಯಲ್ಲಿ ದ್ರಾವಿಡ ಮುನ್ನೇತ್ರ ಕಳಗವು ರೂಪಾಯಿಗೆ ಮೂರು ಪಡಿ ಅಕ್ಕಿಯ ಮಾತಾಡಿತು. ಮೂರು ಪಡಿ ಗುರಿ, ಒಂದು ಪಡಿ ನಿಶ್ಚಯ ಎಂದು ಅದರ ಘೋಷಣೆಯ ಸಾರ. ಅಣ್ಣಾದೊರೆಯವರು ಮುಖ್ಯಮಂತ್ರಿಯಾದ ಮೇಲೆ ಒಂದು ಪಡಿಯ ಯೋಜನೆ ಮದ್ರಾಸು, ಕೊಯಮತ್ತೂರುಗಳಲ್ಲಿ ಆರಂಭವಾಯಿತು, ರಾಜ್ಯದ ಉದ್ದಗಲಕ್ಕೆ ಹಬ್ಬಲಿಲ್ಲ. ಜನ ಬೇಸತ್ತರು, ಎದುರಾಳಿಗಳು ಹಂಗಿಸಿದರು. ಆದರೆ ವಿಮರ್ಶಕನ ದೃಷ್ಟಿಯಲ್ಲಿ ಆ ಘೋಷಣೆಗೆ ಒಂದು ಮರ್ಯಾದೆಯಿದೆ. ಅದರಲ್ಲಿ ಪಡಿಯಿತ್ತು. ಅಳೆಯುವ ಪಾತ್ರೆಯನ್ನು ಜನರ ಕೈಗೆ ಕೊಟ್ಟು ಮಾತಾಡಿದ್ದರಿಂದಲೇ ಎಷ್ಟು ಬಂತು, ಎಷ್ಟು ಬರಲಿಲ್ಲವೆಂದು ಲೆಕ್ಕ ಹೇಳಲು ಸಾಧ್ಯವಾಯಿತು.

ಮುಂದೆ 2006ರಲ್ಲಿ ಡಿ.ಎಂ.ಕೆ. ಬಣ್ಣದ ಟಿ.ವಿ. ಕೊಡುವೆನೆಂದಿತು, 2011ರಲ್ಲಿ ಅಣ್ಣಾ ಡಿ.ಎಂ.ಕೆ. ಮಿಕ್ಸಿ, ಗ್ರೈಂಡರ್, ಫ್ಯಾನ್ ಕೊಡುವೆನೆಂದಿತು. ಇವು ಮನೆಗಳಿಗೆ ಬಂದವು. ಎಣಿಸಬಹುದಾದುದನ್ನು ಆಳುವವರು ಕೊಟ್ಟರು, ಎಣಿಸಲಾಗದಂತೆ ಬರೆದುದನ್ನು ಮರೆತರು. ಟಿ.ವಿ. ಬಂದಿತೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳಬಲ್ಲರು. ‘ಆರೋಗ್ಯ ಸೇವೆ ಬಲಪಡಿಸಲಾಗುವುದು’ ಎಂಬುದು ಬಂದಿತೋ ಇಲ್ಲವೋ ಎಂದು ಹೇಳುವವರಾರು? ನಮ್ಮ ಬೆಟ್ಟದ ಮೇಲಿನ ಅಸಮಾಧಾನದ ತಿರುಳು ಇಲ್ಲಿದೆ. ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡವಳಿಗೆ ಬೇಕಾದ ವೈದ್ಯರು, ಕನ್ನಡ ಶಾಲೆಗೆ ಬೇಕಾದ ಶಿಕ್ಷಕರು, ಆಲೂಗೆಡ್ಡೆ ಕೋಸಿನ ಹೊಲಗಳನ್ನು ಆನೆಗಳಿಂದ ಕಾಯುವ ಕಂದಕಗಳು, ಇವೆಲ್ಲ ಕರ್ಮಣಿ ಪ್ರಯೋಗದಲ್ಲಿಯೇ ಉಳಿದಿವೆ. ಜನರನ್ನು ಬಲಿ ತೆಗೆದುಕೊಂಡ ಕರುಪ್ಪನ್ ಎಂಬ ಒಂಟಿ ಆನೆಯನ್ನು 2023ರಲ್ಲಿ ಅರಣ್ಯ ಇಲಾಖೆ ಹಿಡಿದು ಸಾಗಿಸಿತು. ಒಂದು ಆನೆ, ಒಂದು ಕೆಲಸ, ಎಲ್ಲರ ಕಣ್ಣಮುಂದೆ. ಅದು ಆಯಿತು.

ಅಳತೆ ಇದ್ದ ಮಾತನ್ನೂ ಕಿರಿದುಗೊಳಿಸುವ ಒಂದು ವಿದ್ಯೆಯಿದೆ, ವಿಶೇಷಣವನ್ನು ಆಮೇಲೆ ಸೇರಿಸುವುದು. 2021ರಲ್ಲಿ ಡಿ.ಎಂ.ಕೆ. ಐನೂರಕ್ಕೂ ಹೆಚ್ಚು ಭರವಸೆಗಳನ್ನು ಮುದ್ರಿಸಿತು. ಅವುಗಳಲ್ಲಿ ಮನೆಯೊಡತಿಗೆ ತಿಂಗಳಿಗೆ 1000 ರೂಪಾಯಿ ಎಂಬುದೊಂದು. ಹಣ ಬರಲು ಆರಂಭವಾದುದು 2023ರ ಸೆಪ್ಟೆಂಬರ್ 15ರಂದು. ಅಷ್ಟರಲ್ಲಿ ‘ಮನೆಯೊಡತಿ’ ಎಂಬ ನಾಮಪದದ ಹಿಂದೆ ‘ಅರ್ಹ’ ಎಂಬ ವಿಶೇಷಣ ಬಂದು ನಿಂತಿತ್ತು. ಆದಾಯ, ಜಮೀನು, ವಿದ್ಯುತ್ ಬಳಕೆಗಳ ಮಿತಿ ಹೇಳಲಾಗಿತ್ತು. ಒಂದು ಕೋಟಿಗೂ ಮೀರಿದ ಹೆಂಗಸರಿಗೆ ಅದರಿಂದ ಉಪಕಾರವಾದುದು ನಿಜ. ಆದರೆ ಮತ ಕೇಳುವಾಗ ಇಲ್ಲದ ಪದ ಹಣ ಕೊಡುವಾಗ ಹುಟ್ಟಿತೆಂಬುದೂ ನಿಜ. ಪೆಟ್ರೋಲಿಗೆ 5 ರೂಪಾಯಿ, ಡೀಸೆಲಿಗೆ 4 ರೂಪಾಯಿ ಇಳಿಕೆಯೆಂದು ಬರೆದಿತ್ತು. 2021ರ ಆಗಸ್ಟಿನಲ್ಲಿ ಪೆಟ್ರೋಲಿಗೆ 3 ರೂಪಾಯಿ ಇಳಿಯಿತು, ಡೀಸೆಲಿನ ಮಾತು ಆ ಪ್ರಕಟಣೆಯಲ್ಲಿರಲಿಲ್ಲ. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ತರಕಾರಿ ಸಾಗಿಸುವ ರೈತನಿಗೆ ಬೇಕಾದುದು ಡೀಸೆಲ್.

ಕರ್ನಾಟಕದ ಕಡೆ ನೋಡಿದರೂ ವ್ಯಾಕರಣ ಬದಲಾಗದು. 2023ರಲ್ಲಿ ಅಲ್ಲಿ ಗೆದ್ದ ಕಾಂಗ್ರೆಸ್ಸು ಐದು ಗ್ಯಾರಂಟಿಗಳನ್ನು ಹೆಸರಿಟ್ಟು ಎಣಿಸಿ ಕೊಟ್ಟಿತು. ಎಣಿಸಿದ್ದರಿಂದಲೇ ಅವುಗಳನ್ನು ಬೇಗ ಆರಂಭಿಸಬೇಕಾಯಿತು. ಆದರೂ 200 ಯೂನಿಟ್ ಉಚಿತ ವಿದ್ಯುತ್ ಎಂಬುದು ಆದೇಶವಾಗುವಾಗ ಹಿಂದಿನ ವರ್ಷದ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿದಷ್ಟು ಎಂಬ ಲೆಕ್ಕಕ್ಕೆ ಇಳಿಯಿತು, 200 ಎಂಬುದು ಮೇಲಿನ ಮಿತಿಯಾಯಿತು.

ಗಡಿಯ ಕನ್ನಡಿಗರಿಗೆ ಇಲ್ಲೊಂದು ವಿಚಿತ್ರ ಸಂಕಟವಿದೆ. ಚಾಮರಾಜನಗರದ ಕಡೆಯಿಂದ ನಮ್ಮ ಕಿವಿಗೆ ಬೀಳುವ ಭರವಸೆಗಳು ನಮ್ಮ ನುಡಿಯಲ್ಲಿವೆ. ಅವುಗಳ ಒಂದೊಂದು ಅಕ್ಷರವೂ ಅರ್ಥವಾಗುತ್ತದೆ. ಆದರೆ ಅವು ನಮಗೆ ಕೊಟ್ಟವಲ್ಲ, ಶಕ್ತಿ ಯೋಜನೆಯ ಉಚಿತ ಬಸ್ಸು ಕರ್ನಾಟಕದ ನಿವಾಸಿ ಮಹಿಳೆಯರಿಗೆ. ನಮಗೆ ಕೊಟ್ಟ ಭರವಸೆಗಳು ಸತ್ಯಮಂಗಲದ ಕಡೆಯಿಂದ ಘಟ್ಟ ಹತ್ತಿ ಬರುತ್ತವೆ, ತಮಿಳಿನಲ್ಲಿ. ತಮಿಳು ಓದಲಾರದ ನಮ್ಮ ಮನೆಯ ಹಿರಿಯ ಹೆಂಗಸರು ತಮಗೇನು ಮಾತು ಕೊಟ್ಟಿದ್ದಾರೆಂದು ಪಕ್ಕದವರನ್ನು ಕೇಳಿ ತಿಳಿಯಬೇಕು. ಅರ್ಥವಾಗುವ ಭಾಷೆ ನಮಗಲ್ಲ, ನಮ್ಮದಾದ ಭಾಷೆ ನಮ್ಮ ಭಾಷೆಯಲ್ಲಿಲ್ಲ.

ಈ ಸ್ಥಿತಿ 1956ರ ನವೆಂಬರ್ 1ರಿಂದ ಬಂದುದು. ಅಂದು ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ಗಡಿ ಎಳೆದ ಅದೇ ವರ್ಷ, ಏಳನೆಯ ತಿದ್ದುಪಡಿಯ ಮೂಲಕ, ಗಡಿಯಾಚೆ ಉಳಿದವರಿಗೆ ಸಂವಿಧಾನವು ಒಂದು ಭಾಷೆ ಕೊಟ್ಟಿತು. ಅದು 350ಎ ವಿಧಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಎಂಬುದು ಅದರ ತಾತ್ಪರ್ಯ. ಇಲ್ಲಿ ಕರ್ತೃವಿದ್ದಾನೆ, ರಾಜ್ಯ. ಆದರೆ ಕ್ರಿಯಾಪದ ‘ಒದಗಿಸಬೇಕು’ ಎಂದಲ್ಲ, ‘ಪ್ರಯತ್ನಿಸಬೇಕು’ ಎಂದು. ‘ಸಾಕಷ್ಟು’ ಎಂಬುದಕ್ಕೆ ಅಳತೆಯಿಲ್ಲ, ಗಡುವೂ ಇಲ್ಲ.

ಇದರ ಪಕ್ಕದಲ್ಲಿ ಮೂಲ ಸಂವಿಧಾನದ 45ನೆಯ ವಿಧಿಯನ್ನಿಟ್ಟು ಓದಬೇಕು. ಹದಿನಾಲ್ಕು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ನೀಡಲು ರಾಜ್ಯವು ಹತ್ತು ವರ್ಷಗಳೊಳಗೆ ಪ್ರಯತ್ನಿಸಬೇಕೆಂದು ಅಲ್ಲಿತ್ತು. ಅಲ್ಲಿಯೂ ‘ಪ್ರಯತ್ನ’ವೇ, ಆದರೆ ಗಡುವಿತ್ತು. ಗಡುವು 1960ರಲ್ಲಿ ಮುಗಿಯಿತು, ಮಾತು ನಡೆಯಲಿಲ್ಲ. 1993ರಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಿರ್ದೇಶಕ ತತ್ತ್ವಗಳಲ್ಲಿ ಕಾಲಮಿತಿ ಹೇಳಿರುವುದು ಇದೊಂದರಲ್ಲೇ ಎಂಬುದನ್ನು ಎತ್ತಿ ಹಿಡಿದು, ಶಿಕ್ಷಣವನ್ನು ಮಕ್ಕಳ ಹಕ್ಕೆಂದು ಸಾರಿತು. 2002ರಲ್ಲಿ ತಿದ್ದುಪಡಿ, 2009ರಲ್ಲಿ ಕಾಯಿದೆ ಬಂದವು. 2010ರ ಏಪ್ರಿಲ್ 1ರಿಂದ ಅದು ಜಾರಿಯಾಯಿತು. ಐವತ್ತು ವರ್ಷ ತಡವಾಗಿಯಾದರೂ ಆ ಭಾಷೆ ಸಂದಾಯವಾದುದು ಅದರಲ್ಲಿ ದಿನಾಂಕವೆಂಬ ಹಿಡಿಕೆ ಇದ್ದುದರಿಂದ. ಹಿಡಿಕೆಯಿಲ್ಲದ 350ಎ ವಿಧಿಯ ಫಲಾನುಭವಿಗಳಾದ ನಮ್ಮ ಮಕ್ಕಳು ಏನು ಕಂಡರು? 2006ರ ತಮಿಳು ಕಲಿಕೆ ಕಾಯಿದೆಯ ಅನಂತರ ಹತ್ತನೆಯ ತರಗತಿಯ ತಮಿಳು ಪರೀಕ್ಷೆಯಿಂದ ವಿನಾಯಿತಿ ಪಡೆಯಲು ಭಾಷಾ ಅಲ್ಪಸಂಖ್ಯಾತರು ಮತ್ತೆ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿನಾಯಿತಿ ಕೊಟ್ಟಿತು, ಒಂದು ವರ್ಷದ ಮಟ್ಟಿಗೆ. ತಮಿಳು ಕಲಿಯುವುದು ಬೇಡವೆಂದು ನಾವು ಹೇಳುವುದಿಲ್ಲ. ಅನ್ನ ಕೊಡುವ ನಾಡಿನ ನುಡಿ ಅದು, ಕಲಿತವನು ಕೆಟ್ಟವನಲ್ಲ. ಮಗುವಿನ ಮಾತೃಭಾಷೆಯ ಹಕ್ಕು ವರ್ಷದಿಂದ ವರ್ಷಕ್ಕೆ ಅರ್ಜಿ ಹಾಕಿ ಪಡೆಯುವ ವಸ್ತುವಾಗಬಾರದೆಂಬುದಷ್ಟೇ ನಮ್ಮ ಮಾತು.

‘ಎಲ್ಲರೂ ಸುಳ್ಳರೇ, ಓದುವುದೇಕೆ?’ ಎಂಬ ಉದಾಸೀನ ಈಗ ಎಲ್ಲೆಡೆ ಹಬ್ಬಿದೆ. ಇದು ಮುರಿದ ಮಾತಿಗಿಂತ ದೊಡ್ಡ ಹಾನಿ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕ (1964) ಇದನ್ನು ಚೆನ್ನಾಗಿ ಕಾಣಿಸಿದೆ. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆಯೆಂದು ಸುಲ್ತಾನನು ಆಜ್ಞೆ ಮಾಡಿದನು. ಮನೆಮನೆಯಲ್ಲಿ ಖೋಟಾ ನಾಣ್ಯ ಹುಟ್ಟಿ, ಕೊನೆಗೆ ಅವು ಅವನ ಗುಲಾಬಿಯ ತೋಟದಲ್ಲಿ ಗುಡ್ಡೆಬಿದ್ದವು. ನಂಬಿಕೆಯಿದ್ದರೆ ತಾಮ್ರವೂ ನಡೆಯುತ್ತದೆ, ನಂಬಿಕೆ ಹೋದ ಮೇಲೆ ಒಳ್ಳೆಯ ನಾಣ್ಯಕ್ಕೂ ಬೆಲೆಯಿಲ್ಲ. ಮಾತೂ ಹಾಗೆಯೇ. ಯಾವ ಭರವಸೆಯನ್ನೂ ಓದದೆ ಎಲ್ಲವನ್ನೂ ಖೋಟಾ ಎಂದು ತಳ್ಳುವ ಮತದಾರನು ಖೋಟಾ ನಾಣ್ಯ ಹೊಡೆಯುವವನಿಗೇ ಸಹಾಯ ಮಾಡುತ್ತಾನೆ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವವರು ಇಲ್ಲದ ಸಂತೆಯಲ್ಲಿ ಯಾರು ತಾನೇ ಒಳ್ಳೆಯ ನಾಣ್ಯ ತಂದಾರು?

ಕಾನೂನು ಈ ಕೆಲಸವನ್ನು ನಮಗಾಗಿ ಮಾಡದು. ತಮಿಳುನಾಡಿನ ಉಚಿತ ಕೊಡುಗೆಗಳ ವಿಷಯವಾಗಿಯೇ ಬಂದ ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ, 2013ರ ಜುಲೈ 5ರಂದು ಸುಪ್ರೀಂ ಕೋರ್ಟು, ಪ್ರಣಾಳಿಕೆಯ ವಾಗ್ದಾನ ಚುನಾವಣಾ ಭ್ರಷ್ಟಾಚಾರವಾಗದೆಂದು ಹೇಳಿ, ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರಚಿಸುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು. ಭರವಸೆಗೆ ತಕ್ಕ ಕಾರಣವನ್ನೂ ಹಣ ಹೊಂದಿಸುವ ದಾರಿಯನ್ನೂ ತಿಳಿಸಬೇಕೆಂದು ಆಯೋಗದ ಮಾದರಿ ನೀತಿಸಂಹಿತೆ ಈಗ ಹೇಳುತ್ತದೆ. ಆದರೆ ಗೆದ್ದ ಪಕ್ಷವನ್ನು ಐದು ವರ್ಷವೂ ಹಿಂಬಾಲಿಸಿ ಕೇಳುವ ಅಧಿಕಾರಿಯನ್ನು ಯಾರೂ ನೇಮಿಸಿಲ್ಲ. ಹರಿಶ್ಚಂದ್ರನಿಲ್ಲವೆಂದು ನಾವು ಹಲುಬುತ್ತೇವೆ. ನಕ್ಷತ್ರಿಕನಿಲ್ಲವೆಂಬುದೇ ನಿಜವಾದ ಕೊರತೆ. ಕಾವ್ಯದಲ್ಲಿ ಅವನು ಕಾಟ ಕೊಡುವವನು, ಜನ ಅವನ ಹೆಸರನ್ನು ಬೈಗುಳವಾಗಿ ಬಳಸುತ್ತಾರೆ. ಪ್ರಜಾಪ್ರಭುತ್ವದಲ್ಲಿ ಆ ಪಾತ್ರ ಮತದಾರನದು.

ಆದುದರಿಂದ ಸಮ್ಮೇಳನಕ್ಕೆ ನಮ್ಮ ಸೂಚನೆ ಸರಳವಾದುದು. ಮುಂದಿನ ಚುನಾವಣೆಗೆ ಭವಾನಿಸಾಗರ ಕ್ಷೇತ್ರದ ಅಭ್ಯರ್ಥಿಗಳು ಮತ ಕೇಳಿ ಘಟ್ಟ ಹತ್ತಿದಾಗ, ಸಂಘವು ಎಲ್ಲ ಪಕ್ಷದವರಿಗೂ ಒಂದೇ ಪ್ರಶ್ನಾವಳಿ ನೀಡಲಿ. ತಾಳವಾಡಿ ಸೀಮೆಗೆ ತಾವು ಮಾಡುವ ಕೆಲಸವೇನು? ಎಷ್ಟು? ಯಾವ ತಿಂಗಳೊಳಗೆ? ಹಣ ಎಲ್ಲಿಂದ? ಉತ್ತರ ಬರಹದಲ್ಲಿರಲಿ, ಕನ್ನಡದಲ್ಲಿಯೂ ಇರಲಿ, ಕರ್ತರಿ ಪ್ರಯೋಗದಲ್ಲಿರಲಿ: ‘ಮಾಡಲಾಗುವುದು’ ಎಂದಲ್ಲ, ‘ನಾನು ಮಾಡುತ್ತೇನೆ’ ಎಂದು. ಆ ಉತ್ತರಗಳನ್ನು ಸಂಘದ ಗೋಡೆಗೆ ಅಂಟಿಸಿ, ವರ್ಷಕ್ಕೊಮ್ಮೆ ಸಮ್ಮೇಳನದ ವೇದಿಕೆಯಲ್ಲಿ ಓದಿ, ನಡೆದುದಕ್ಕೂ ನಡೆಯದುದಕ್ಕೂ ಗುರುತು ಹಾಕೋಣ. ಶಾಲೆ ಕಲಿತ ಮಗು ಅದನ್ನು ಓದಲಿ, ಅಜ್ಜಿ ಕೇಳಲಿ.