ಬಂದು ಹೋಗುವವನ ಊರು

ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ಓದಿದ ಪುಸ್ತಕಗಳಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ಐರಿಷ್ ಲೇಖಕ ಜಾನ್ ಮೆಕ್‌ಗಹರ್ನ್‌ನ 'ದಟ್ ದೇ ಮೇ ಫೇಸ್ ದ ರೈಸಿಂಗ್ ಸನ್'. 2002ರಲ್ಲಿ ಬಂದ ಕಾದಂಬರಿ. ಐರ್ಲೆಂಡಿನ ಲೀಟ್ರಿಮ್ ಸೀಮೆಯ ಒಂದು ಸರೋವರ, ಅದರ ಸುತ್ತ ಹತ್ತಾರು ಮನೆ. ಕಥೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಕುರಿ ಮರಿ ಹಾಕುತ್ತೆ, ಹುಲ್ಲು ಕೊಯ್ತಾರೆ, ದನ ಮಾರ್ತಾರೆ. ಜೇಮ್ಸಿ ಎಂಬ ನೆರೆಯವ ಬಾಗಿಲು ತಟ್ಟದೆ ಒಳಗೆ ಬಂದು ಊರ ಸುದ್ದಿ ಕೇಳ್ತಾನೆ. ಅಧ್ಯಾಯಗಳೂ ಇಲ್ಲದ ಈ ಬರವಣಿಗೆ ವರ್ಷದ ಹಾಗೆಯೇ ಸುತ್ತಿ ಸುತ್ತಿ ಬರುತ್ತೆ.

ಇದನ್ನು ಹಳ್ಳಿಯ ಹಾಡು ಎಂದು ಮೆಚ್ಚಿದವರು ಬಹಳ. ನನಗೆ ಹಾಗೆ ಅನ್ನಿಸಲಿಲ್ಲ. ನನ್ನ ಕಣ್ಣು ನೆಟ್ಟಿದ್ದು ಜೇಮ್ಸಿಯ ಅಣ್ಣ ಜಾನಿಯ ಮೇಲೆ. ಅವನು ಹೆಣ್ಣೊಬ್ಬಳ ಹಿಂದೆ ಇಂಗ್ಲೆಂಡಿಗೆ ಹೋದವನು, ಡ್ಯಾಗನಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ದುಡಿದವನು. ಪ್ರತಿ ಬೇಸಿಗೆಗೆ ಊರಿಗೆ ಬರ್ತಾನೆ. ತಮ್ಮ ರೈಲ್ವೆ ಸ್ಟೇಷನ್ನಿಗೆ ಹೋಗಿ ಕರೆತರ್ತಾನೆ, ಮನೆಯಲ್ಲಿ ಔತಣ. ಆದರೆ ಕೆಲಸ ಹೋಗಿ ಜಾನಿ ಊರಲ್ಲೇ ನೆಲೆಸುವ ಮಾತು ಬಂದಾಗ ಜೇಮ್ಸಿ, ಮೇರಿ ಇಬ್ಬರ ಎದೆಯೂ ನಡುಗುತ್ತೆ. ಪ್ರೀತಿ ಸುಳ್ಳಲ್ಲ, ಭಯವೂ ಸುಳ್ಳಲ್ಲ. ಕೊನೆಗೆ ಜಾನಿಯನ್ನು ಉಳಿಸುವವನು ಲಂಡನ್ನಿನ ಒಬ್ಬ ಸಿಂಗ್. ತನ್ನ ಮನೆಗಳನ್ನು ನೋಡಿಕೊಳ್ಳುವ ಕೆಲಸ ಕೊಡ್ತಾನೆ. ಪರದೇಶಿಗೆ ಪರದೇಶಿಯೇ ದಿಕ್ಕು!

ಇಲ್ಲಿ ಪುಸ್ತಕ ಮುಚ್ಚಿದ್ದೆ. ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಒಂದು ಮೇ ತಿಂಗಳು, "ರಿಟೈರ್ ಆದ್ಮೇಲೆ ಇಲ್ಲಿಗೇ ಬರ್ತೇನೆ" ಅಂದಿದ್ದೆ. ಬಡಿಸುತ್ತಿದ್ದ ಅತ್ತಿಗೆಯ ಕೈ ಒಂದು ಕ್ಷಣ ನಿಂತಿತು. ಅಣ್ಣ ತಲೆ ಎತ್ತದೆ, "ಮಳೆಗಾಲದಲ್ಲಿ ಇಲ್ಲಿ ಬಹಳ ಕಷ್ಟ ಮಾರಾಯ" ಅಂದ. ಅದೇ ಅತ್ತಿಗೆ ಹೊರಡುವಾಗ ಹಪ್ಪಳ, ಉಪ್ಪಿನಕಾಯಿ ಕಟ್ಟಿಕೊಟ್ಟು ಕಣ್ಣೊರೆಸಿಕೊಂಡರು. ಆಗ ನನಗೆ ಸಿಟ್ಟು ಬಂದಿತ್ತು. ಮೆಕ್‌ಗಹರ್ನ್ ಓದಿದ ಮೇಲೆ ಆ ಸಿಟ್ಟು ಇಳಿಯಿತು.

ಅವನಿಗೆ ಊರಿನ ಕ್ರೌರ್ಯ ಗೊತ್ತಿಲ್ಲ ಎಂದಲ್ಲ. ಬಿಲ್ ಇವಾನ್ಸ್ ಎಂಬ ಅನಾಥನನ್ನು ಬಾಲ್ಯದಲ್ಲೇ ಜೀತದಂಥ ದುಡಿಮೆಗೆ ಕಳಿಸಲಾಗಿದೆ. ಮುದುಕನಾದರೂ ಸರೋವರದಿಂದ ನೀರು ಹೊರುತ್ತಾನೆ, ಸಿಗರೇಟು ಬೇಡ್ತಾನೆ. ಎಲ್ಲರೂ ಕೊಡ್ತಾರೆ, ಯಾರೂ ಪ್ರಶ್ನಿಸೋದಿಲ್ಲ. 1965ರಲ್ಲಿ ತನ್ನ 'ದ ಡಾರ್ಕ್' ನಿಷೇಧವಾಗಿ ಮಾಸ್ತರಿಕೆ ಕಳಕೊಂಡು ದೇಶ ಬಿಟ್ಟು, ಮುಂದೆ ಲೀಟ್ರಿಮ್‌ಗೇ ಮರಳಿ ಬದುಕಿದ ಲೇಖಕ ಈತ. 2006ರಲ್ಲಿ ತೀರಿಕೊಂಡ. ಊರನ್ನು ಕ್ಷಮಿಸದೆಯೂ ಪ್ರೀತಿಸಬಹುದು ಎಂಬುದು ಅವನಿಗೆ ಗೊತ್ತಿತ್ತು.

ನನ್ನ ತಕರಾರು ಒಂದೇ. ಜಾನಿಯ ಡ್ಯಾಗನಮ್ ನಮಗೆ ಕಾಣುವುದೇ ಇಲ್ಲ, ಬರೀ ಅವನ ಬಾಯಿಮಾತು. ಹೋದವನ ಬದುಕು ಊರಿನ ಕಣ್ಣಿಗೆ ಕಂಡಷ್ಟೇ ಕಾದಂಬರಿಗೂ ಕಂಡಿದೆ. ಅದು ಕೊರತೆಯೋ, ಬೇಕೆಂದೇ ಮಾಡಿದ್ದೋ? ನಾವು ಹೇಳುವ ಮುಂಬಯಿಯನ್ನು ಊರಿನವರು ನಂಬುವುದೂ ಅಷ್ಟಷ್ಟೇ ತಾನೇ.

ರಜೆಗೆ ಬಂದ ಜಾನಿ ಊರಲ್ಲೇ ಸಾಯ್ತಾನೆ. ತಲೆ ಪಶ್ಚಿಮಕ್ಕಿಟ್ಟು ಹೂಳ್ತಾರೆ, ಎದ್ದಾಗ ಸೂರ್ಯ ಎದುರಿಗಿರಲಿ ಅಂತ. ಬದುಕಿದ್ದಾಗ ಕೊಡಲಾಗದ ಜಾಗವನ್ನು ಊರು ಆಗ ಇಷ್ಟು ಅಕ್ಕರೆಯಿಂದ ಅಳೆದು ಕೊಡುತ್ತೆ.

ಈ ಮೇನಲ್ಲೂ ಊರಿಗೆ ಹೋಗ್ತೇನೆ. ಹದಿನೈದು ದಿನಕ್ಕೆ. ವಾಪಸ್ ಟಿಕೆಟ್ ತೆಗೆದಾಗಿದೆ ಅಂತ ಬಾಗಿಲಲ್ಲೇ ಅತ್ತಿಗೆಗೆ ಹೇಳಿಬಿಡ್ತೇನೆ.