ಕೇಳಿಸಿಕೊಳ್ಳುವವರ ಮುಖ

ಕಾಲೇಜು ಹುಡುಗರ ಕಿರುಚಿತ್ರಗಳ ರಫ್ ಕಟ್ ನೋಡಲು ಕುಳಿತಾಗ ನಾನು ಕಾಯುವುದು ಇಬ್ಬರು ಮಾತಾಡುವ ದೃಶ್ಯಕ್ಕಾಗಿ. ಅಪ್ಪ ಮಾತಾಡಿದರೆ ಅಪ್ಪನ ಮುಖ, ಮಗಳು ಉತ್ತರ ಕೊಟ್ಟರೆ ಮಗಳ ಮುಖ, ಮಾತು ಮುಗಿಯುತ್ತಲೇ ಕಟ್. ಬೆಳಕು ಚೆನ್ನಾಗಿರುತ್ತದೆ, ನಟನೆಗೂ ಹೆಸರಿಡುವಂತಿಲ್ಲ. ಆದರೂ ದೃಶ್ಯ ಮನಸ್ಸಿಗೆ ಇಳಿಯುವುದಿಲ್ಲ. ಹುಡುಗರು ಕೂಡಲೇ ಹಿನ್ನೆಲೆ ಸಂಗೀತ ಹುಡುಕಲು ಹೊರಡುತ್ತಾರೆ. ಅದಕ್ಕಿಂತ ಮೊದಲು, ಅಪ್ಪ ಮಾತಾಡುತ್ತಿದ್ದಾಗ ಮಗಳು ಹೇಗಿದ್ದಳು ಎಂದು ತೋರಿಸಿ ನೋಡಿ ಎನ್ನುತ್ತೇನೆ.

ಮಾತು ಹೇಗೂ ಕಿವಿಗೆ ಬೀಳುತ್ತದೆ. ಆಡುವವರ ತುಟಿಯನ್ನೂ ಕಣ್ಣಿಗೆ ತೋರಿಸಿದರೆ ಒಂದೇ ಸಂಗತಿಯನ್ನು ಎರಡು ಸಲ ಕೊಟ್ಟಂತಾಯಿತು. ಆ ಮಾತು ಯಾರಿಗೆ ನಾಟುತ್ತಿದೆಯೋ ಅವರ ಮುಖದಲ್ಲಿ ಕಥೆ ಮುಂದೆ ಸಾಗುತ್ತಿರುತ್ತದೆ.

1955ರ ‘ಪಥೇರ್ ಪಾಂಚಾಲಿ’ಯಲ್ಲಿ ಹರಿಹರ ಊರಿಗೆ ಮರಳುವ ದೃಶ್ಯವನ್ನು ಸಂಕಲನ ಕಲಿಯುವವರು ಮತ್ತೆ ಮತ್ತೆ ನೋಡಬೇಕು. ತಿಂಗಳುಗಟ್ಟಲೆ ಮನೆಯಿಂದ ದೂರವಿದ್ದವನಿಗೆ ಮಗಳು ದುರ್ಗಾ ತೀರಿಕೊಂಡದ್ದು ಗೊತ್ತಿಲ್ಲ. ತಂದ ಸಾಮಾನುಗಳನ್ನು ಒಂದೊಂದಾಗಿ ಹೊರತೆಗೆಯುತ್ತ ಖುಷಿಯಿಂದ ಮಾತಾಡುತ್ತಾನೆ. ಹೆಂಡತಿ ಸರ್ವಜಯಾ ಬಾಯಿ ಬಿಡುವುದಿಲ್ಲ. ಕೊನೆಗೆ ದುರ್ಗಾಳಿಗೆಂದು ತಂದ ಸೀರೆ ಕೈಗೆ ಬಂದಾಗ ಅವಳ ಕಟ್ಟೆ ಒಡೆಯುತ್ತದೆ. ಆ ಅಳುವಿನ ದನಿಯನ್ನು ಸತ್ಯಜಿತ್ ರಾಯ್ ತೆಗೆದೇಬಿಟ್ಟು, ಅಲ್ಲಿ ತಾರ್ ಶಹನಾಯಿಯ ಏರುದನಿಯನ್ನಿಟ್ಟರು. ಈ ದೃಶ್ಯದಲ್ಲಿ ಮಾತೆಲ್ಲ ಗಂಡನದು, ದುಃಖವೆಲ್ಲ ಹೆಂಡತಿಯದು. ದುಲಾಲ್ ದತ್ತ ಅವರ ಸಂಕಲನ ಆ ಎರಡನೆಯದರ ಕೈಬಿಡುವುದಿಲ್ಲ. ಮ್ಯೂಟ್ ಮಾಡಿ ಒಮ್ಮೆ ನೋಡಿ, ಆಮೇಲೆ ಕಣ್ಣು ಮುಚ್ಚಿ ದನಿಯನ್ನಷ್ಟೇ ಕೇಳಿ. ಚಿತ್ರಕ್ಕೂ ಶಬ್ದಕ್ಕೂ ಅಲ್ಲಿ ಬೇರೆ ಬೇರೆ ಕೆಲಸ ಹಂಚಿರುವುದು ಆಗ ತಿಳಿಯುತ್ತದೆ.

ನಮ್ಮಲ್ಲಿಯೇ ಉದಾಹರಣೆ ಬೇಕೆಂದರೆ ‘ಘಟಶ್ರಾದ್ಧ’ ಇದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ‘ಅವಶೇಷ್’ ಎಂಬ ಡಿಪ್ಲೊಮಾ ಚಿತ್ರ ಮಾಡಿ ಹೊರಬಂದ ಗಿರೀಶ್ ಕಾಸರವಳ್ಳಿ 1977ರಲ್ಲಿ ನಿರ್ದೇಶಿಸಿದ ಮೊದಲ ಕಥಾಚಿತ್ರ ಅದು. ಯಮುನಕ್ಕ ಎಂಬ ವಿಧವೆಯ ಬದುಕು ಕುಸಿಯುವುದು ನಮಗೆ ನಾಣಿ ಎಂಬ ಪುಟ್ಟ ಹುಡುಗನ ಮೂಲಕ ಮುಟ್ಟುತ್ತದೆ. ಅವನಿಗೆ ಅರ್ಥವಾದದ್ದು ಕಡಿಮೆ, ಕಂಡದ್ದು ಬಹಳ. ಆ ಎರಡರ ನಡುವಿನ ಅಂತರವನ್ನು ಯಾವ ಸಂಭಾಷಣೆಯೂ ಹೇಳಲಾರದು. 2024ರಲ್ಲಿ ಪುನರುಜ್ಜೀವನಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಎಲ್ಲಿಯಾದರೂ ಪ್ರದರ್ಶನವಿದ್ದರೆ ಬಸ್ಸು ಹತ್ತಿ ಹೋಗಿ ನೋಡಿ.

ಮಾತಾಡದ ಮುಖವೂ ಕಥೆ ಹೇಳುತ್ತದೆ ಎಂಬ ಈ ವಿಚಾರದ ಬೇರು ಇನ್ನೂ ಹಳೆಯದು. 1919ರಲ್ಲಿ ಆರಂಭವಾದ ಮಾಸ್ಕೋದ ಚಲನಚಿತ್ರ ಶಾಲೆಯಲ್ಲಿ ಲೆವ್ ಕುಲೆಶೋವ್ ಪಾಠ ಹೇಳುತ್ತಿದ್ದ ದಿನಗಳಲ್ಲಿ ಕಚ್ಚಾ ಫಿಲ್ಮಿಗೇ ಬರಗಾಲ. ಹೊಸದಾಗಿ ಚಿತ್ರೀಕರಿಸುವುದು ಕಷ್ಟವಾದ್ದರಿಂದ ಇದ್ದ ತುಣುಕುಗಳನ್ನೇ ಜೋಡಿಸಿ ನೋಡುವ ಅಭ್ಯಾಸ ಬೆಳೆಯಿತು. ನಟ ಮೊಝುಖಿನ್‌ನ ನಿರ್ವಿಕಾರ ಮುಖದ ಒಂದೇ ಶಾಟನ್ನು ಅವರು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕ ಇಟ್ಟರು. ಮೊದಲನೆಯದರಲ್ಲಿ ಹಸಿವು, ಎರಡನೆಯದರಲ್ಲಿ ಶೋಕ ಕಂಡಿತೆಂದು ಪ್ರೇಕ್ಷಕರು ನಟನನ್ನು ಹೊಗಳಿದರಂತೆ. ಮುಖ ಬದಲಾಗಿರಲಿಲ್ಲ. ಈ ಪ್ರಯೋಗವನ್ನು ಪ್ರತಿ ತರಗತಿಯಲ್ಲೂ ಹೇಳುತ್ತಾರೆ, ಮಾಡಿ ನೋಡುವವರು ಕಡಿಮೆ. ಗೆಳೆಯನೊಬ್ಬ ಸುಮ್ಮನೆ ಕುಳಿತ ಶಾಟು, ಮೊಬೈಲು, ಒಂದು ಮಧ್ಯಾಹ್ನ ಇದ್ದರೆ ಆಯಿತು.

ಹಾಲಿವುಡ್ ಸಂಕಲನಕಾರ ವಾಲ್ಟರ್ ಮರ್ಚ್ ಕಟ್ ಮಾಡಲು ಆರು ಕಾರಣಗಳನ್ನು ಪಟ್ಟಿಮಾಡಿ ಅಂಕ ಕೊಟ್ಟಿದ್ದಾರೆ. ಭಾವಕ್ಕೆ 51, ಕಥೆಗೆ 23, ಲಯಕ್ಕೆ 10. ಸ್ಥಳದ ನಿರಂತರತೆಗೆ, ಅಂದರೆ ಯಾರು ಎಲ್ಲಿ ನಿಂತಿದ್ದರು ಎಂಬ ಲೆಕ್ಕಕ್ಕೆ, ಬರೀ 4. ನಮ್ಮ ವಿದ್ಯಾರ್ಥಿಗಳ ಶ್ರಮವೆಲ್ಲ ಆ ನಾಲ್ಕಕ್ಕೇ ಖರ್ಚಾಗುತ್ತದೆ. ಲೋಟ ಎಡಗೈಯಲ್ಲಿತ್ತು, ಮುಂದಿನ ಶಾಟಿನಲ್ಲಿ ಬಲಗೈಗೆ ಬಂತು ಎಂದು ಒಳ್ಳೆಯ ಟೇಕನ್ನೇ ಬಿಸಾಡುತ್ತಾರೆ. ಮಗಳ ಕಣ್ಣಲ್ಲಿ ನೀರು ನಿಜವಾಗಿದ್ದರೆ ಲೋಟವನ್ನು ಯಾರೂ ನೋಡುವುದಿಲ್ಲ, ಧೈರ್ಯವಾಗಿ ಇಟ್ಟುಕೊಳ್ಳಿ.

ತಾಂತ್ರಿಕ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ಸಾಫ್ಟ್‌ವೇರಿನ ಉಚಿತ ಆವೃತ್ತಿ ಕಿರುಚಿತ್ರಕ್ಕೆ ಧಾರಾಳವಾಯಿತು; ಲ್ಯಾಪ್‌ಟಾಪ್ ಏದುಸಿರು ಬಿಟ್ಟರೆ ಪ್ರಾಕ್ಸಿ, ಅಂದರೆ ಫುಟೇಜಿನ ಹಗುರ ಪ್ರತಿ, ಮಾಡಿಕೊಳ್ಳಿ. ಮೊಬೈಲ್ ಫುಟೇಜಿನ ಫ್ರೇಮ್ ರೇಟ್ ಹೆಚ್ಚಾಗಿ ಏರುಪೇರಾಗುತ್ತಿರುತ್ತದೆ, ಬೇರೆ ರೆಕಾರ್ಡರಿನ ಶಬ್ದ ಜೋಡಿಸಿದಾಗ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು. ಆದ್ದರಿಂದ ಮೊದಲೇ ಸೆಕೆಂಡಿಗೆ 25ರಂತೆ ಸ್ಥಿರ ಮಾಡಿಕೊಂಡು ಕೆಲಸಕ್ಕಿಳಿಯಿರಿ.

ಇನ್ನು ಮುಖ್ಯವಾದದ್ದು, ರಷಸ್, ಅಂದರೆ ಚಿತ್ರೀಕರಿಸಿದ ಇಡೀ ಫುಟೇಜ್ ನೋಡುವುದು. ‘ಅಪೊಕ್ಯಾಲಿಪ್ಸ್ ನೌ’ ಚಿತ್ರದಲ್ಲಿ ತೆರೆಗೆ ಬಂದ ಒಂದೊಂದು ನಿಮಿಷಕ್ಕೆ 95 ನಿಮಿಷದ ಫುಟೇಜ್ ಇತ್ತು. ಮರ್ಚ್ ಮತ್ತು ಸಂಗಡಿಗರು ಆ ರಾಶಿಯ ಜೊತೆಗೇ ಬದುಕಿದರು. ನಿಮ್ಮಲ್ಲಿರುವುದು ಕೆಲವು ಗಂಟೆಗಳದ್ದು. ಕಟ್ ಮಾಡದೆ ಪೂರ್ತಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ‘ಆ್ಯಕ್ಷನ್’ ಅನ್ನುವ ಮೊದಲಿನ ಸೆಕೆಂಡುಗಳನ್ನು, ‘ಕಟ್’ ಎಂದ ಮೇಲೆ ನಟಿ ಉಸಿರು ಬಿಡುವುದನ್ನು ಬಿಡಬೇಡಿ. ಡೈಲಾಗ್ ನೆನಪಿಟ್ಟುಕೊಳ್ಳುವ ಒತ್ತಡವಿಲ್ಲದ ಆ ಗಳಿಗೆಯಲ್ಲಿ ಮುಖ ಎಷ್ಟೋ ಸಲ ಹೆಚ್ಚು ನಿಜವಾಗಿರುತ್ತದೆ. ಅಪ್ಪನ ಕಠಿಣ ಮಾತಿನ ಮೇಲೆ ಆ ತುಣುಕನ್ನಿಟ್ಟು ನೋಡಿ.

ಹೀಗೆ ಇಡಬೇಕೆಂದರೆ ಚಿತ್ರವನ್ನೂ ಶಬ್ದವನ್ನೂ ಬೇರೆ ಬೇರೆ ಜಾಗದಲ್ಲಿ ಕತ್ತರಿಸಲು ಬರಬೇಕು. ಅಪ್ಪನ ದನಿ ಮುಂದುವರಿಯುತ್ತಿರಲಿ, ಚಿತ್ರ ಮಾತ್ರ ಮಗಳಿಗೆ ಹೋಗಲಿ: ಇದು ಎಲ್ ಕಟ್. ಮಗಳ ದನಿ ಮೊದಲು ಕೇಳಿ, ಅವಳ ಮುಖ ಆಮೇಲೆ ಬಂದರೆ ಜೆ ಕಟ್. ಎಷ್ಟು ಫ್ರೇಮು ಮೊದಲು, ಎಷ್ಟು ಆಮೇಲೆ ಎಂಬುದಕ್ಕೆ ಸೂತ್ರವಿಲ್ಲ. ಆರು ಫ್ರೇಮು ಸರಿಸಿದರೆ ಅದೇ ಹುಡುಗಿ ಹೆದರಿದವಳಂತೆ ಕಾಣುತ್ತಾಳೆ, ಇಪ್ಪತ್ತು ಸರಿಸಿದರೆ ಹಠಮಾರಿ. ಸಂಕಲನದಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸವೆಂದರೆ ಇದೇ.

ಶೂಟಿಂಗ್ ಇನ್ನೂ ಬಾಕಿ ಇರುವವರು ಎರಡನ್ನು ಮರೆಯದಿರಿ. ಕೇಳಿಸಿಕೊಳ್ಳುವವರ ಮೇಲೆ ಕ್ಯಾಮೆರಾ ಇಟ್ಟು ದೃಶ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಂದು ಸಲ ಪೂರ್ತಿ ತೆಗೆಯಿರಿ. ಎದುರಿಗಿರುವ ನಟ ಫ್ರೇಮಿನಲ್ಲಿ ಇಲ್ಲದಿದ್ದರೂ ಮಾತನ್ನು ಅಷ್ಟೇ ಜೀವ ತುಂಬಿ ಆಡಲಿ. ಆಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಆ ಕೋಣೆಯ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಮಾತುಗಳನ್ನು ಸರಿಸಿದಾಗ ಉಳಿಯುವ ಬಿರುಕುಗಳನ್ನು ತುಂಬಲು ಅದೇ ಬೇಕಾಗುತ್ತದೆ, ಫ್ಯಾನು ನಿಲ್ಲಿಸುವುದನ್ನು ಮಾತ್ರ ಶೂಟಿಂಗ್ ಶುರುವಾಗುವ ಮೊದಲೇ ಮಾಡಿ.